ಆಟಿಸಂಗೆ ಕರುಳಿನ ಬ್ಯಾಕ್ಟೀರಿಯಾ ಕಾರಣವೇ? ಮಲದ ಪರೀಕ್ಷೆ ಮಾಡಿಸಬೇಕೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ. ಮಗನಿಗೆ ನಾಲ್ಕು ವರ್ಷ. ಕಳೆದ ವರ್ಷ ಆಟಿಸಂ ಎಂದು ಗುರುತಿಸಿದರು. ಎರಡು ಮೂರು ಪದ ಬಿಟ್ಟರೆ ಮಾತಿಲ್ಲ. ಮಲವಿಸರ್ಜನೆ ನಾಲ್ಕೈದು ದಿನಕ್ಕೊಮ್ಮೆ, ಆಗೆಲ್ಲ ಜೋರಾಗಿ ಅಳುತ್ತಾನೆ. ನಡುನಡುವೆ ಚಡ್ಡಿಗೆ ತೆಳ್ಳಗೆ ಸೋರುತ್ತದೆ. ಮೊಸರನ್ನ, ಒಂದೇ ಬಗೆಯ ಬಿಸ್ಕತ್ತು ಮತ್ತು ಹಾಲು ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ. ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳಿಂದಲೇ ಆಟಿಸಂ ಬರುತ್ತದೆ, ಕರುಳಿನಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇವೆ ಎಂದು ತಿಳಿಯಲು ಮಲದ ಮೈಕ್ರೋಬಯೋಮ್ ಪರೀಕ್ಷೆ ಮಾಡಿಸಿ, ಹಾಲು ಮತ್ತು ಗೋಧಿ ನಿಲ್ಲಿಸಿ, ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೊಬಯೋಟಿಕ್ ಪುಡಿ ಕೊಡಿ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ಆರೋಗ್ಯವಂತರ ಮಲವನ್ನು ಮಗುವಿನ ಕರುಳಿಗೆ ಸೇರಿಸುವ ಚಿಕಿತ್ಸೆಯೂ ಇದೆಯಂತೆ. ನನಗೆ ಸಿಸೇರಿಯನ್ ಆಗಿತ್ತು. ಮಗುವಿಗೆ ಮೊದಲ ವರ್ಷದಲ್ಲಿ ಕಿವಿಯ ಸೋಂಕಿಗೆಂದು ಎರಡು ಮೂರು ಸಲ ಆ್ಯಂಟಿಬಯಾಟಿಕ್ ಕೊಡಿಸಿದ್ದೆವು. ಇದೆಲ್ಲ ಅದರಿಂದಲೇ ಆಯಿತೇ?

ಉತ್ತರ: ಮೊದಲು ಹಣದ ಮಾತು ಮುಗಿಸಿಬಿಡೋಣ. ಆ ಪರೀಕ್ಷೆ ಮಾಡಿಸಬೇಡಿ. ಅದರ ವರದಿಯಲ್ಲಿ ಏನೇ ಬಂದರೂ ನಿಮ್ಮ ಮಗನ ಚಿಕಿತ್ಸೆಯಲ್ಲಿ ಬದಲಾಗುವಂಥದ್ದು ಏನೂ ಇಲ್ಲ. ಕರುಳಿನ ಬ್ಯಾಕ್ಟೀರಿಯಾಗಳನ್ನು ಬದಲಿಸಿ ಆಟಿಸಂ ಗುಣಪಡಿಸುವ ವಿಧಾನ ಇಂದಿನವರೆಗೆ ಜಗತ್ತಿನ ಯಾವ ಮೂಲೆಯಲ್ಲೂ ಸಾಬೀತಾಗಿಲ್ಲ. ನಿಮ್ಮ ಪತ್ರ ಓದುವಾಗ ನನ್ನ ಗಮನ ಸೆಳೆದದ್ದು ಬೇರೊಂದು ಸಾಲು: ನಾಲ್ಕೈದು ದಿನಕ್ಕೊಮ್ಮೆ ಮಲ, ಅಳು, ಚಡ್ಡಿಗೆ ಸೋರಿಕೆ. ಇದಕ್ಕೆ ಚಿಕಿತ್ಸೆ ಇದೆ, ಅಗ್ಗವಾಗಿಯೇ ಇದೆ, ಈ ವಾರವೇ ಶುರುವಾಗಬೇಕು. ಅದನ್ನು ಮುಂದೆ ವಿವರವಾಗಿ ಬರೆಯುತ್ತೇನೆ. ಅದಕ್ಕೂ ಮೊದಲು, ಸಲಹೆ ಕೊಟ್ಟವರ ಮಾತು ಇಷ್ಟು ನಂಬುವಂತೆ ಕೇಳಿಸುವುದು ಏಕೆ ಎಂದು ಹೇಳಬೇಕು. ಅದರಲ್ಲಿ ಒಂದು ಪಾಲು ನಿಜ ಬೆರೆತಿದೆ.

ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಮಗುವಿನ ನರಗಳನ್ನು ಕೆಡಿಸಬಲ್ಲದೇ ಎಂದು ಕೇಳಿದರೆ, ಮಕ್ಕಳ ನರರೋಗಗಳನ್ನೇ ನೋಡುವ ನಾನು ಹಿಂದೆಮುಂದೆ ನೋಡದೆ ಹೌದು ಎನ್ನುತ್ತೇನೆ. ಅತ್ಯಂತ ಸ್ಪಷ್ಟವಾದ ಉದಾಹರಣೆ ಹಸುಗೂಸುಗಳ ಬಾಟ್ಯುಲಿಸಂ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಮೊದಲು ಗುರುತಿಸಿದರು. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲಿ, ದೂಳಿನಲ್ಲಿ, ಕೆಲವೊಮ್ಮೆ ಜೇನುತುಪ್ಪದಲ್ಲಿ ಇರುತ್ತವೆ. ನಾವು ನೀವು ಅವನ್ನು ನುಂಗಿದರೆ ಏನೂ ಆಗುವುದಿಲ್ಲ. ನಮ್ಮ ಕರುಳಿನಲ್ಲಿ ಆಗಲೇ ನೆಲೆ ಊರಿರುವ ಸೂಕ್ಷ್ಮಾಣುಗಳು ಅವಕ್ಕೆ ಮೊಳೆಯಲು ಜಾಗ ಕೊಡುವುದಿಲ್ಲ. ಮೂರು ನಾಲ್ಕು ತಿಂಗಳ ಕೂಸಿನ ಕರುಳಿನಲ್ಲಿ ಆ ಕಾವಲು ಇನ್ನೂ ಬಂದಿರುವುದಿಲ್ಲ. ಬೀಜಕ ಅಲ್ಲೇ ಮೊಳೆತು ವಿಷ ತಯಾರಿಸುತ್ತದೆ. ನರದ ತುದಿಯಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಬಿಡುಗಡೆಯಾಗದಂತೆ ಆ ವಿಷ ತಡೆಯುತ್ತದೆ.

ತಾಯಿಗೆ ಮೊದಲು ಕಾಣುವುದು ಮಲಬದ್ಧತೆ. ಆಮೇಲೆ ಮಗು ಎದೆಹಾಲು ಚೀಪುವುದು ಬಿಗಿಯಿಲ್ಲದಂತಾಗುತ್ತದೆ, ಅಳು ಕ್ಷೀಣವಾಗುತ್ತದೆ, ರೆಪ್ಪೆ ಜೋತುಬೀಳುತ್ತದೆ, ನಿಂತಿದ್ದ ಕತ್ತು ಮತ್ತೆ ವಾಲುತ್ತದೆ. ಉಸಿರಾಟದ ಸ್ನಾಯುಗಳಿಗೂ ತಗಲಿದರೆ ವೆಂಟಿಲೇಟರ್ ಬೇಕಾಗುತ್ತದೆ. ಸಕಾಲದಲ್ಲಿ ಗುರುತಿಸಿ ಉಸಿರಾಟಕ್ಕೆ ಆಸರೆ ಕೊಟ್ಟರೆ, ವಾರಗಟ್ಟಲೆ ಹಿಡಿದರೂ ಹೆಚ್ಚಿನ ಮಕ್ಕಳು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಇದು ಅಪರೂಪದ ಕಾಯಿಲೆ, ಒಪ್ಪುತ್ತೇನೆ. ಆದರೂ ನಮ್ಮ ಮನೆಗಳಲ್ಲಿ ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವುದು, ಸಾಣೆಕಲ್ಲಿನ ಮೇಲೆ ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದು ಜೇನಿನಲ್ಲಿ ಕಲಸಿ ನೆಕ್ಕಿಸುವುದು ಇನ್ನೂ ನಡೆದೇ ಇದೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಶುದ್ಧ ಕಾಡುಜೇನು, ಕಾಯಿಸಿದ ಜೇನು ಎಂಬ ಸಮಜಾಯಿಷಿಗಳೂ ನಡೆಯುವುದಿಲ್ಲ. ಅಡುಗೆಮನೆಯ ಬಿಸಿಗೆ ಆ ಬೀಜಕಗಳು ಸಾಯುವುದಿಲ್ಲ. ನಿಮ್ಮ ಮಗ ನಾಲ್ಕು ವರ್ಷದವನು, ಅವನ ಮಟ್ಟಿಗೆ ಈ ಭಯ ಬೇಕಿಲ್ಲ.

ಇನ್ನೊಂದು ಉದಾಹರಣೆಯನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಪ್ರೊಬಯೋಟಿಕ್ ಪುಡಿಯ ಕಥೆಗೂ ಅದು ಸಂಬಂಧಿಸಿದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಕರುಳು ತಿರುಚಿಕೊಂಡು, ಸಣ್ಣಕರುಳಿನ ಬಹುಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬೇಕಾಗಿ ಬಂದ ಮಕ್ಕಳಿರುತ್ತಾರೆ. ಇಂಥ ಮಗು ಸಿಹಿ ಅಥವಾ ಅನ್ನ ಹೆಚ್ಚಾಗಿ ತಿಂದರೆ ಜೀರ್ಣವಾಗದ ಸಕ್ಕರೆ ದೊಡ್ಡಕರುಳನ್ನು ತಲುಪುತ್ತದೆ. ಅಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ಅದನ್ನು ಡಿ-ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ನಮ್ಮ ದೇಹ ಆ ರೂಪದ ಆಮ್ಲವನ್ನು ಬಹಳ ನಿಧಾನವಾಗಿ ಕರಗಿಸುತ್ತದೆ. ಊಟವಾದ ಕೆಲ ಗಂಟೆಗಳಲ್ಲಿ ಮಗುವಿನ ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ, ಮಂಪರು ಕವಿಯುತ್ತದೆ, ಥೇಟ್ ಕುಡಿದವರ ಹಾಗೆ. ಮಾಮೂಲಿ ಲ್ಯಾಕ್ಟೇಟ್ ರಕ್ತಪರೀಕ್ಷೆ ಇನ್ನೊಂದು ರೂಪವನ್ನು ಮಾತ್ರ ಅಳೆಯುವುದರಿಂದ ವರದಿ ಸರಿಯಾಗಿದೆ ಎಂದೇ ಬರುತ್ತದೆ. ಮನುಷ್ಯರಲ್ಲಿ ಇದನ್ನು 1979ರಲ್ಲಿ ಮೊದಲು ವರದಿ ಮಾಡಿದರು. ಆಹಾರದ ಸಕ್ಕರೆ ಪಿಷ್ಟ ತಡೆದು, ಕರುಳಿನಲ್ಲಷ್ಟೇ ಕೆಲಸ ಮಾಡುವ ಆ್ಯಂಟಿಬಯಾಟಿಕ್ ಕೊಟ್ಟರೆ ಮಗು ಮೊದಲಿನಂತಾಗುತ್ತದೆ. ಇಲ್ಲಿ ತೊಂದರೆ ಕೊಟ್ಟದ್ದು ಡಬ್ಬಿಗಳ ಮೇಲೆ ಒಳ್ಳೆಯ ಬ್ಯಾಕ್ಟೀರಿಯಾ ಎಂದು ಅಚ್ಚು ಹಾಕಿ ಮಾರುವ ಕುಟುಂಬದ್ದೇ ಸದಸ್ಯ ಎಂಬುದನ್ನು ಗಮನಿಸಿ.

ಯಕೃತ್ತು ಸೋತ ಮಕ್ಕಳಲ್ಲಿ ಕರುಳಿನ ಬ್ಯಾಕ್ಟೀರಿಯಾ ಉತ್ಪಾದಿಸುವ ಅಮೋನಿಯಾ ಮಿದುಳಿಗೇರಿ ಪ್ರಜ್ಞೆ ಮಸುಕಾಗುವುದು, ಅದಕ್ಕೆ ಲ್ಯಾಕ್ಟುಲೋಸ್ ಕೊಡುವುದು ಎಲ್ಲ ದೊಡ್ಡ ಆಸ್ಪತ್ರೆಗಳಲ್ಲೂ ದಿನನಿತ್ಯದ ಕೆಲಸ. ಪ್ರೊಪಿಯಾನಿಕ್ ಅಸಿಡೀಮಿಯಾ ಎಂಬ ಜನ್ಮಜಾತ ಕಾಯಿಲೆಯಲ್ಲೂ ದೇಹದಲ್ಲಿ ಸೇರಿಕೊಳ್ಳುವ ಆಮ್ಲಕ್ಕೆ ಕರುಳಿನ ಬ್ಯಾಕ್ಟೀರಿಯಾಗಳ ಕೊಡುಗೆಯನ್ನು ತಗ್ಗಿಸಲೆಂದೇ ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತೇವೆ. 2025ರ ಆರಂಭದಲ್ಲಿ ಪುಣೆಯಲ್ಲಿ ಹಬ್ಬಿದ ಗಿಯಾನ್-ಬಾರೆ ಸಿಂಡ್ರೋಮ್ ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಭೇದಿ ತರುವ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಹೊರಕವಚ ನಮ್ಮ ನರಗಳ ಹೊದಿಕೆಯಲ್ಲಿರುವ ಒಂದು ವಸ್ತುವನ್ನು ಹೋಲುತ್ತದೆ. ಅದರ ವಿರುದ್ಧ ಹೊರಟ ರೋಗನಿರೋಧಕ ಶಕ್ತಿ ಒಂದೆರಡು ವಾರದಲ್ಲಿ ಸ್ವಂತ ನರದ ಮೇಲೆಯೇ ತಿರುಗಿಬೀಳುತ್ತದೆ, ಕಾಲಿನ ಬಲ ಹೋಗುತ್ತದೆ.

ಈ ಎಲ್ಲ ಕಾಯಿಲೆಗಳಲ್ಲೂ ಒಂದು ಸಮಾನ ಅಂಶವಿದೆ. ಯಾವ ಬ್ಯಾಕ್ಟೀರಿಯಾ, ಅದು ಹೊರಹಾಕುವ ವಸ್ತು ಯಾವುದು, ಅದು ಯಾವ ದಾರಿಯಲ್ಲಿ ನರವನ್ನು ಮುಟ್ಟುತ್ತದೆ, ಅದನ್ನು ತಡೆದರೆ ಏನಾಗುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಆಟಿಸಂ ವಿಚಾರದಲ್ಲಿ ಕಾಲು ಶತಮಾನದ ಹುಡುಕಾಟದ ನಂತರವೂ ಹಾಗೆ ತೋರಿಸಲು ಆಗಿಲ್ಲ.

ಈ ಹುಡುಕಾಟ ಶುರುವಾದದ್ದು ನಿಮ್ಮಂಥದ್ದೇ ಒಬ್ಬ ತಾಯಿಯ ಪ್ರಶ್ನೆಯಿಂದ. ಎಲೆನ್ ಬೋಲ್ಟ್ ಎಂಬ ಅಮೆರಿಕದ ಮಹಿಳೆ 1998ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಊಹೆ ಮಂಡಿಸಿದರು: ಪದೇಪದೇ ಆ್ಯಂಟಿಬಯಾಟಿಕ್ ಕೊಟ್ಟಾಗ ಕರುಳು ಬರಿದಾಗಿ, ಧನುರ್ವಾಯು ತರುವ ಜಾತಿಯ ಬ್ಯಾಕ್ಟೀರಿಯಾ ಅಲ್ಲಿ ನೆಲೆಸಿ, ಅದರ ವಿಷ ಕರುಳಿಗೂ ಮಿದುಳಿಗೂ ಸಂಪರ್ಕ ಕಲ್ಪಿಸುವ ವೇಗಸ್ ನರದ ಮೂಲಕ ಮಿದುಳು ಸೇರುತ್ತಿರಬಹುದು. ಬಾಟ್ಯುಲಿಸಂ ಬಲ್ಲವರಿಗೆ ಇದು ಹುಚ್ಚು ಊಹೆ ಎನಿಸುವುದಿಲ್ಲ. ಚಿಕಾಗೊದ ವೈದ್ಯರು ಇದನ್ನು ಗಂಭೀರವಾಗಿಯೇ ತೆಗೆದುಕೊಂಡು 11 ಮಕ್ಕಳಿಗೆ ವ್ಯಾಂಕೊಮೈಸಿನ್ ಎಂಬ, ರಕ್ತಕ್ಕೆ ಹೆಚ್ಚು ಸೇರದೆ ಕರುಳಿನಲ್ಲೇ ಉಳಿಯುವ ಆ್ಯಂಟಿಬಯಾಟಿಕ್ ಕುಡಿಸಿದರು. 2000ದಲ್ಲಿ ಪ್ರಕಟವಾದ ವರದಿಯ ಪ್ರಕಾರ ಹೆಚ್ಚಿನ ಮಕ್ಕಳಲ್ಲಿ ಸುಧಾರಣೆ ಕಂಡಿತು. ಔಷಧ ನಿಲ್ಲಿಸಿದ ಮೇಲೆ ಆ ಸುಧಾರಣೆ ಉಳಿಯಲಿಲ್ಲ. ಹೋಲಿಕೆಗೆ ಹುಸಿ ಔಷಧ ಪಡೆದ ಗುಂಪು ಇರಲಿಲ್ಲ. ಇದು ಚಿಕಿತ್ಸೆಯಲ್ಲ ಎಂದು ಬರೆದವರೇ ಎಚ್ಚರಿಸಿದ್ದರು.

ಆಮೇಲೆ ಇಲಿಗಳ ಸರದಿ. ಬ್ಯಾಕ್ಟೀರಿಯಾವೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಆಟಿಸಂ ಇರುವವರ ಮಲದ ಬ್ಯಾಕ್ಟೀರಿಯಾಗಳನ್ನು ಕೊಟ್ಟರೆ, ಅವುಗಳ ಮರಿಗಳು ಆಟಿಸಂನಂಥ ವರ್ತನೆ ತೋರುತ್ತವೆ ಎಂದು ಅಮೆರಿಕದ ಕ್ಯಾಲ್‌ಟೆಕ್ ವಿಜ್ಞಾನ ಸಂಸ್ಥೆಯ ತಂಡವೊಂದು 2019ರಲ್ಲಿ ಹೇಳಿತು. ಸುದ್ದಿ ಎಲ್ಲೆಡೆ ಹರಡಿತು. ಆ ವರ್ತನೆ ಏನೆಂದು ನೋಡಿದರೆ, ಹೊಟ್ಟಿನ ಪದರದಲ್ಲಿ ಇಲಿ ಎಷ್ಟು ಗೋಲಿಗಳನ್ನು ಹೂತಿಟ್ಟಿತು ಎಂಬ ಎಣಿಕೆಯೂ ಅದರಲ್ಲೊಂದು. ಇಲಿ ಗೋಲಿ ಹೂಳುವುದಕ್ಕೂ ನಿಮ್ಮ ಮಗನಿಗೆ ಮಾತು ಬಾರದಿರುವುದಕ್ಕೂ ಇರುವ ದೂರವನ್ನು ನೀವೇ ಅಳೆಯಿರಿ. ಆ ಪ್ರಯೋಗದ ಲೆಕ್ಕಾಚಾರವನ್ನೇ ಸಂಖ್ಯಾಶಾಸ್ತ್ರ ಬಲ್ಲವರು ಮುಂದೆ ಪ್ರಶ್ನಿಸಿದರು.

ನಾನು ಹೆಚ್ಚು ತೂಕ ಕೊಡುವುದು 2021ರಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನಕ್ಕೆ. ಅದರಲ್ಲಿ 247 ಮಕ್ಕಳಿದ್ದರು: ಆಟಿಸಂ ಇರುವ 99 ಮಂದಿ, ಆಟಿಸಂ ಇಲ್ಲದ 51 ಒಡಹುಟ್ಟಿದವರು, ಸಂಬಂಧವಿಲ್ಲದ 97 ಮಂದಿ. ಮಲದಲ್ಲಿರುವ ಬ್ಯಾಕ್ಟೀರಿಯಾಗಳ ಜೀನ್‌ಗಳನ್ನು ಓದಿದ್ದಲ್ಲದೆ ಮಕ್ಕಳು ಏನು ತಿನ್ನುತ್ತಾರೆ ಎಂದೂ ಬರೆದುಕೊಂಡರು. ಆಟಿಸಂಗೂ ಬ್ಯಾಕ್ಟೀರಿಯಾಗಳಿಗೂ ನೇರವಾದ ನಂಟು ಅತ್ಯಲ್ಪ ಎಂದು ತಿಳಿಯಿತು. ತಟ್ಟೆಯಲ್ಲಿ ಎಷ್ಟು ಬಗೆಯ ಆಹಾರ ಇದೆ ಎಂಬುದಕ್ಕೂ ಕರುಳಿನಲ್ಲಿ ಎಷ್ಟು ಬಗೆಯ ಬ್ಯಾಕ್ಟೀರಿಯಾ ಇವೆ ಎಂಬುದಕ್ಕೂ ಮಾತ್ರ ನಂಟು ಗಟ್ಟಿಯಾಗಿಯೇ ಇತ್ತು. ಅಂದರೆ ಆಟಿಸಂ ಇರುವ ಮಗು ಬಣ್ಣ, ವಾಸನೆ, ಬಾಯಿಗೆ ಸಿಗುವ ಸ್ಪರ್ಶ ಒಗ್ಗದೆ ಮೂರು ನಾಲ್ಕು ಪದಾರ್ಥಗಳಿಗೆ ಅಂಟಿಕೊಳ್ಳುತ್ತದೆ, ಊಟ ಕಿರಿದಾದ ಹಾಗೆ ಬ್ಯಾಕ್ಟೀರಿಯಾಗಳ ಬಗೆಗಳೂ ಕಡಿಮೆಯಾಗುತ್ತವೆ, ಮಲ ಗಟ್ಟಿಯಾಗುತ್ತದೆ. ನಿಮ್ಮ ಪತ್ರದಲ್ಲಿ ಇರುವುದೂ ಇದೇ: ಮೊಸರನ್ನ, ಒಂದೇ ಬಗೆಯ ಬಿಸ್ಕತ್ತು, ಹಾಲು. ನಿಮ್ಮ ಮಗನ ಮಲದ ವರದಿಯಲ್ಲಿ ವ್ಯತ್ಯಾಸ ಕಾಣಿಸಿದರೆ ಅದಕ್ಕೆ ಕಾರಣವನ್ನು ನಾನು ಮೊದಲು ಆ ತಟ್ಟೆಯಲ್ಲೇ ಹುಡುಕುತ್ತೇನೆ.

ಎದುರು ಪಕ್ಷದವರು 2024ರ ಹಾಂಗ್‌ಕಾಂಗ್ ಅಧ್ಯಯನವನ್ನು ತೋರಿಸುತ್ತಾರೆ. ಅದು ದೊಡ್ಡದು, 1,627 ಮಕ್ಕಳದ್ದು. ಬ್ಯಾಕ್ಟೀರಿಯಾ, ಶಿಲೀಂಧ್ರ, ವೈರಸ್ ಎಲ್ಲವನ್ನೂ ಸೇರಿಸಿ 31 ಗುರುತುಗಳ ಆಧಾರದ ಮೇಲೆ ಯಾರಿಗೆ ಆಟಿಸಂ ಇದೆ ಎಂದು ಕಂಪ್ಯೂಟರ್ ಬಹುಮಟ್ಟಿಗೆ ಸರಿಯಾಗಿ ಹೇಳಿತು. ಮುಂದೊಂದು ದಿನ ರೋಗನಿರ್ಣಯಕ್ಕೆ ಇದು ನೆರವಾಗಬಹುದು, ತಳ್ಳಿಹಾಕುವುದಿಲ್ಲ. ಆದರೆ ಎಲ್ಲ ಮಾದರಿಗಳನ್ನೂ ಆಟಿಸಂ ಗುರುತಿಸಿದ ಮೇಲೆಯೇ ತೆಗೆದದ್ದು. ಮೊದಲು ಬಂದದ್ದು ಯಾವುದು, ಆಮೇಲೆ ಬಂದದ್ದು ಯಾವುದು ಎಂದು ಇದರಿಂದ ಹೇಳಲಾಗದು. ಇಷ್ಟನ್ನೇ ಹಿಡಿದುಕೊಂಡು ಪುಡಿ ಮಾರಲು ಹೊರಡುವುದು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ.

ಕರುಳಿಗೆ ಎರಡನೇ ಮಿದುಳು ಎಂಬ ಬಿರುದು ಕೊಟ್ಟು, ನರಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್‌ನಲ್ಲಿ ನೂರಕ್ಕೆ ತೊಂಬತ್ತು ಭಾಗ ಅಲ್ಲೇ ತಯಾರಾಗುತ್ತದೆ ಎಂದೂ ಹೇಳುತ್ತಾರೆ. ಅಂಕಿ ಸರಿ. ಆ ಸೆರೊಟೋನಿನ್ ರಕ್ತದಿಂದ ಮಿದುಳಿನೊಳಕ್ಕೆ ದಾಟುವುದಿಲ್ಲ ಎಂಬ ಮುಂದಿನ ವಾಕ್ಯವನ್ನು ಮಾತ್ರ ನುಂಗಿಬಿಡುತ್ತಾರೆ.

ಮಲವನ್ನು ಕರುಳಿಗೆ ಸೇರಿಸುವ ಚಿಕಿತ್ಸೆಗೆ ಬರೋಣ. ಅಮೆರಿಕದ ಅರಿಜೋನಾದಲ್ಲಿ 18 ಮಕ್ಕಳಿಗೆ ಇದನ್ನು ಮಾಡಿ 2017ರಲ್ಲಿ ಪ್ರಕಟಿಸಿದರು. ಮಲಬದ್ಧತೆ, ಹೊಟ್ಟೆನೋವು ಬಹಳ ಕಡಿಮೆಯಾದವು, ವರ್ತನೆಯೂ ಸುಧಾರಿಸಿತು, ಎರಡು ವರ್ಷದ ನಂತರವೂ ಸುಧಾರಣೆ ಉಳಿದಿತ್ತು ಎಂದು ಬರೆದರು. ಯಾವ ಮಗುವಿಗೆ ಚಿಕಿತ್ಸೆ ಸಿಗುತ್ತಿದೆ ಎಂಬುದು ಎಲ್ಲ ತಂದೆತಾಯಿಗಳಿಗೂ ಗೊತ್ತಿತ್ತು. ಹುಸಿ ಚಿಕಿತ್ಸೆಯ ಗುಂಪು ಇಲ್ಲಿಯೂ ಇರಲಿಲ್ಲ. ಅಪಾಯ ಮಾತ್ರ ಊಹೆಯದ್ದಲ್ಲ. ದಾನಿಯ ಮಲದಲ್ಲಿದ್ದ, ಔಷಧಕ್ಕೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾದಿಂದ ರೋಗಿಯೊಬ್ಬರು ಸತ್ತ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಕೆ ಹೊರಡಿಸಿತು. ಆ ದೇಶ ಇಂಥ ಉತ್ಪನ್ನಗಳಿಗೆ ಕೊಟ್ಟಿರುವ ಅನುಮತಿ ವಯಸ್ಕರಲ್ಲಿ ಮರುಕಳಿಸುವ ಒಂದು ಬಗೆಯ ಕರುಳಿನ ಸೋಂಕಿಗೆ ಮಾತ್ರ. ಶುಲ್ಕ ಪಡೆದು ಆಟಿಸಂಗೆ ಇದನ್ನು ಮಾಡುತ್ತೇವೆ ಎನ್ನುವವರಿದ್ದರೆ ಆ ಬಾಗಿಲಿಗೆ ಹೋಗಬೇಡಿ.

ಹುಸಿ ಔಷಧದ ಗುಂಪಿನ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದೇಕೆ? ಸೆಕ್ರೆಟಿನ್ ಕಥೆ ಕೇಳಿ. ಅದೂ ಹೊಟ್ಟೆಗೆ ಸಂಬಂಧಿಸಿದ್ದೇ, ಜೀರ್ಣಾಂಗದ ಒಂದು ಹಾರ್ಮೋನ್. ಅದನ್ನು ಕೊಟ್ಟ ಮೂವರು ಮಕ್ಕಳಲ್ಲಿ ಆಟಿಸಂ ಲಕ್ಷಣಗಳು ಕಡಿಮೆಯಾದವು ಎಂದು 1998ರಲ್ಲಿ ವರದಿ ಬಂದಾಗ ಅಮೆರಿಕದ ತಂದೆತಾಯಿಗಳು ಮುಗಿಬಿದ್ದರು. ಮರುವರ್ಷ 60 ಮಕ್ಕಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಸೆಕ್ರೆಟಿನ್, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟು ನೋಡಿದರು. ಎರಡೂ ಗುಂಪಿನವರು ಸುಧಾರಿಸಿದರು, ಸರಿಸಮನಾಗಿ. ಫಲಿತಾಂಶವನ್ನು ತಿಳಿಸಿದ ಮೇಲೂ ಶೇಕಡ 69ರಷ್ಟು ತಂದೆತಾಯಿಗಳು ಸೆಕ್ರೆಟಿನ್ ಬಗ್ಗೆ ಆಸಕ್ತಿ ಬಿಡಲಿಲ್ಲ. ನಾನು ಅವರನ್ನು ಹಳಿಯುವುದಿಲ್ಲ. ಮಗು ಬೆಳೆಯುತ್ತಿರುತ್ತದೆ, ಕಲಿಯುತ್ತಿರುತ್ತದೆ, ಲಕ್ಷಣಗಳು ಏರುತ್ತ ಇಳಿಯುತ್ತ ಇರುತ್ತವೆ. ಆಸೆಯಿಂದ ಕಾಯುವ ಕಣ್ಣಿಗೆ ಇಳಿದದ್ದು ಮೊದಲು ಕಾಣುತ್ತದೆ. ಹೊಟ್ಟೆಯನ್ನೂ ಆಟಿಸಂ ಅನ್ನೂ ತಳುಕು ಹಾಕಿದ ಇನ್ನೊಂದು ಕುಖ್ಯಾತ ಪ್ರಬಂಧ ಅದೇ 1998ರದ್ದು, ಲಂಡನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಅವರದು, 12 ಮಕ್ಕಳ ಮೇಲಿನದು. ದಡಾರದ ಲಸಿಕೆಯನ್ನೂ ಅದು ಇದರ ಜೊತೆ ಜೋಡಿಸಿತ್ತು. ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಅಷ್ಟರಲ್ಲಿ ದಡಾರ ಲಸಿಕೆಯ ಬಗ್ಗೆ ಹುಟ್ಟಿದ ಭಯ ಊರೂರು ಸುತ್ತಿತ್ತು. 2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗಲೂ ಮೊಬೈಲಿನಿಂದ ಮೊಬೈಲಿಗೆ ವದಂತಿಗಳು ಹರಿದಾಡಿದವು.

ಇನ್ನು ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆ. ನಿಮ್ಮನ್ನು ಹೆಚ್ಚು ಕಾಡುತ್ತಿರುವುದೂ ಅದೇ ಇರಬೇಕು. ಸಿಸೇರಿಯನ್ ಆದ ಮಕ್ಕಳಲ್ಲಿ ಆಟಿಸಂ ತುಸು ಹೆಚ್ಚು ಎಂಬ ಅಂಕಿಅಂಶ ಹಲವು ದೇಶಗಳಿಂದ ಬಂದದ್ದು ನಿಜ. ಸ್ವೀಡನ್ನಿನಲ್ಲಿ 26 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಮೊದಲ ನೋಟಕ್ಕೆ ಹಾಗೆಯೇ ಕಂಡಿತು. ಆಮೇಲೆ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದರು: ಒಬ್ಬನು ಸಹಜ ಹೆರಿಗೆಯವನು, ಇನ್ನೊಬ್ಬನು ಸಿಸೇರಿಯನ್. ವ್ಯತ್ಯಾಸ ಮಾಯವಾಯಿತು. ಅಂದರೆ ಹೆಚ್ಚಳ ಬಂದದ್ದು ಕುಟುಂಬದ ಜೀನ್‌ಗಳಿಂದಲೋ ಗರ್ಭದ ಸ್ಥಿತಿಯಿಂದಲೋ ಇರಬೇಕು, ಶಸ್ತ್ರಚಿಕಿತ್ಸೆಯಿಂದ ಅಲ್ಲ. ಕಿವಿಯ ಸೋಂಕಾದ ಮಗುವಿಗೆ ಆ್ಯಂಟಿಬಯಾಟಿಕ್ ಕೊಡಿಸಿದ್ದು ಸರಿಯಾದ ಕೆಲಸ. ಮನೆಯಲ್ಲಿ ಯಾರಾದರೂ ನಿಮ್ಮ ಕಡೆ ಬೆರಳು ತೋರಿಸುತ್ತಿದ್ದರೆ ಈ ಪ್ಯಾರಾವನ್ನು ಅವರಿಗೆ ಓದಿ ಹೇಳಿ.

ಫಿಟ್ಸ್ ಇರುವ ಮಕ್ಕಳ ತಂದೆತಾಯಿಗಳೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಒಂದಿಷ್ಟು. ಆಹಾರ ಬದಲಿಸಿ ಮಿದುಳಿನ ಕಾಯಿಲೆ ಹತೋಟಿಗೆ ತರುವುದು ನಿಜಕ್ಕೂ ಸಾಧ್ಯವಾಗಿರುವುದು ಮೂರ್ಛೆರೋಗದಲ್ಲಿ. ಕೊಬ್ಬು ಹೆಚ್ಚು, ಪಿಷ್ಟ ತೀರಾ ಕಡಿಮೆ ಇರುವ ಕೀಟೋಜೆನಿಕ್ ಪಥ್ಯ 1921ರಿಂದಲೂ ಬಳಕೆಯಲ್ಲಿದೆ. ದೆಹಲಿಯ ಏಮ್ಸ್ ವೈದ್ಯರು, ಔಷಧಗಳಿಗೆ ಬಗ್ಗದ ಫಿಟ್ಸ್ ಇದ್ದ 102 ಮಕ್ಕಳಲ್ಲಿ ಅದರ ಸಡಿಲ ರೂಪವೊಂದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಪಥ್ಯದ ಗುಂಪಿನಲ್ಲಿ ನೂರಕ್ಕೆ 52 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಯಿತು. ಇನ್ನೊಂದು ಗುಂಪಿನಲ್ಲಿ ನೂರಕ್ಕೆ 11.5 ಮಾತ್ರ. ಈ ಪಥ್ಯ ಕೆಲಸ ಮಾಡುವುದರಲ್ಲಿ ಬ್ಯಾಕ್ಟೀರಿಯಾಗಳ ಕೈವಾಡ ಇರಬಹುದು ಎಂದು ಲಾಸ್ ಏಂಜಲೀಸ್‌ನ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ತೋರಿಸಿದರು: ಕರುಳಿನ ಬ್ಯಾಕ್ಟೀರಿಯಾ ಇಲ್ಲದ ಇಲಿಗಳಿಗೆ ಪಥ್ಯದಿಂದ ರಕ್ಷಣೆ ಸಿಗಲಿಲ್ಲ, ಎರಡು ಬಗೆಯ ಬ್ಯಾಕ್ಟೀರಿಯಾಗಳನ್ನು ಜೊತೆಯಾಗಿ ಕೊಟ್ಟಾಗ ಸಿಕ್ಕಿತು. ಈ ಇಡೀ ಕ್ಷೇತ್ರದಲ್ಲಿ ನಾನು ಆಸೆಯಿಂದ ಗಮನಿಸುತ್ತಿರುವುದು ಇದೊಂದನ್ನೇ. ಆದರೆ ಪಥ್ಯ ಮನೆಯಲ್ಲಿ ತಾವಾಗಿ ಶುರುಮಾಡುವಂಥದ್ದಲ್ಲ. ದೆಹಲಿಯವರು ಕೊಟ್ಟ ಮಿತಿ ದಿನಕ್ಕೆ 10 ಗ್ರಾಂ ಪಿಷ್ಟ. ಒಂದು ಚಪಾತಿ ತಿಂದರೆ ಅದು ಮೀರಿಹೋಗುತ್ತದೆ. ಕೆಲವು ಜನ್ಮಜಾತ ಕಾಯಿಲೆಗಳಿದ್ದರೆ ಈ ಪಥ್ಯ ಪ್ರಾಣಕ್ಕೇ ಎರವಾಗುತ್ತದೆ, ಮೊದಲು ರಕ್ತಪರೀಕ್ಷೆ ಆಗಲೇಬೇಕು.

ಈಗ ನಿಮ್ಮ ಮಗನ ಹೊಟ್ಟೆ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ ಇತರ ಮಕ್ಕಳಿಗಿಂತ ಮೂರು ಪಟ್ಟಿಗೂ ಹೆಚ್ಚು. ಚಡ್ಡಿಗೆ ತೆಳ್ಳಗೆ ಸೋರುವುದನ್ನು ಭೇದಿ ಎಂದು ತಿಳಿದು ಕಟ್ಟುವ ಔಷಧ ಕೊಡುವವರಿದ್ದಾರೆ. ವಾಸ್ತವವಾಗಿ ಗುದನಾಳದಲ್ಲಿ ಮಲ ಗಟ್ಟಿಯಾಗಿ ಕೂತು, ಅದರ ಪಕ್ಕದಿಂದ ಮೇಲಿನ ನೀರು ಮಲ ಜಾರಿ ಬರುತ್ತಿರುತ್ತದೆ. ಒಮ್ಮೆ ನೋವಾದ ಮಗು ಮುಂದಿನ ಸಲ ತಡೆಹಿಡಿಯುತ್ತದೆ: ತುದಿಗಾಲಲ್ಲಿ ನಿಲ್ಲುತ್ತದೆ, ಕಾಲು ಕತ್ತರಿ ಹಾಕುತ್ತದೆ, ಬಾಗಿಲ ಹಿಂದೆ ಹೋಗಿ ಅವಿತುಕೊಳ್ಳುತ್ತದೆ, ಮೈ ಸೆಟೆಸುತ್ತದೆ. ತಂದೆತಾಯಿ ಅದನ್ನು ಆಟಿಸಂನ ವರ್ತನೆ ಎಂದುಕೊಳ್ಳುತ್ತಾರೆ. ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಮಾತಿಲ್ಲದ ಮಗು ರಾತ್ರಿ ನಿದ್ದೆ ಮಾಡುವುದಿಲ್ಲ, ತಲೆ ಚಚ್ಚಿಕೊಳ್ಳುತ್ತದೆ, ಕಚ್ಚುತ್ತದೆ, ತರಬೇತಿಯ ಕೋಣೆಯಲ್ಲಿ ಕೂರುವುದಿಲ್ಲ.

ಮಲಬದ್ಧತೆಗೆ ಚಿಕಿತ್ಸೆ ಕೊಟ್ಟ ಕೆಲವು ವಾರಗಳಿಗೆ, ಡಾಕ್ಟರೇ, ಆಟಿಸಂ ಅರ್ಧ ಕಡಿಮೆಯಾಯಿತು ಎನ್ನುವ ತಾಯಂದಿರು ನನ್ನ ಬಳಿ ಬರುತ್ತಾರೆ. ಅವರು ಕಂಡದ್ದು ಸುಳ್ಳಲ್ಲ. ಕಡಿಮೆಯಾದದ್ದು ನೋವು, ನೋವು ಹೋದಾಗ ಮಗುವಿನ ನಿದ್ದೆ, ಗಮನ, ಸಿಟ್ಟು ಎಲ್ಲ ಹದಕ್ಕೆ ಬಂದವು. ಅರಿಜೋನಾದ ಮಕ್ಕಳಲ್ಲಿ ಆದದ್ದರಲ್ಲೂ ದೊಡ್ಡ ಪಾಲು ಇದೇ ಇರಬಹುದು ಎಂಬುದು ನನ್ನ ಗುಮಾನಿ.

ಮಕ್ಕಳ ವೈದ್ಯರ ಬಳಿ ಹೋದಾಗ ಮೇಲಿನ ಲಕ್ಷಣಗಳನ್ನು ಹೀಗೆಯೇ ವಿವರಿಸಿ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ನೀರಿನಲ್ಲಿ ಕಲಸುವ ಪುಡಿಯನ್ನು ತೂಕಕ್ಕೆ ತಕ್ಕಂತೆ ಬರೆದುಕೊಡುತ್ತಾರೆ. ಮೊದಲ ಕೆಲವು ದಿನ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಕೂತ ಮಲವನ್ನು ಖಾಲಿ ಮಾಡಿಸಬೇಕು. ಆಗ ಸೋರಿಕೆ ಹೆಚ್ಚಾಗುತ್ತದೆ, ಹೆದರಿ ನಿಲ್ಲಿಸಬೇಡಿ. ಆಮೇಲೆ ಕಡಿಮೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಮುಂದುವರಿಸಬೇಕು. ಎಲ್ಲರೂ ಎಡವುವುದು ಇಲ್ಲೇ: ಎರಡು ವಾರ ಸರಾಗವಾದ ಕೂಡಲೇ ಔಷಧ ಬಿಟ್ಟುಬಿಡುತ್ತಾರೆ, ತಿಂಗಳೊಳಗೆ ಮೊದಲಿನ ಸ್ಥಿತಿ. ಇದು ಅಭ್ಯಾಸ ಹಿಡಿಸುವ ಔಷಧವಲ್ಲ. ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಚುಚ್ಚುವುದು, ಸೋಪಿನ ಚೂರು ಇಡುವುದು ಬೇಡ. ಆ ಜಾಗವನ್ನು ಮುಟ್ಟಿದಷ್ಟೂ ಮಗು ಹೆಚ್ಚು ಬಿಗಿಹಿಡಿಯುತ್ತದೆ. ಬೆಳಗಿನ ತಿಂಡಿಯಾದ ಮೇಲೆ ಐದು ನಿಮಿಷ, ಪಾದಕ್ಕೆ ಮಣೆಯ ಆಸರೆ ಕೊಟ್ಟು, ದಿನವೂ ಒಂದೇ ಹೊತ್ತಿಗೆ ಕೂರಿಸಿ. ಮಲ ಬಂದರೂ ಬಾರದಿದ್ದರೂ ಎಬ್ಬಿಸಿಬಿಡಿ, ಗದರಬೇಡಿ.

ಹಾಲನ್ನು ಪೂರ್ತಿ ನಿಲ್ಲಿಸಬೇಡಿ, ಆದರೆ ಅಳೆದು ಕೊಡಿ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ ಅದೇ ಹಸಿವನ್ನು ಕೊಲ್ಲುತ್ತದೆ, ಮಲ ಗಟ್ಟಿಮಾಡುತ್ತದೆ, ಕಬ್ಬಿಣದ ಕೊರತೆ ತರುತ್ತದೆ. ಹಾಲು, ಗೋಧಿ ಬಿಡಿಸುವ ಪಥ್ಯವನ್ನು ಅಮೆರಿಕದಲ್ಲಿ 14 ಮಕ್ಕಳ ಮೇಲೆ, ಯಾರಿಗೂ ತಿಳಿಯದಂತೆ ತಿಂಡಿಯಲ್ಲಿ ಬೆರೆಸಿಯೂ ಬೆರೆಸದೆಯೂ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಮಲ, ನಿದ್ದೆ, ವರ್ತನೆ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಮೂರೇ ಪದಾರ್ಥ ತಿನ್ನುವ ಮಗುವಿನಿಂದ ಎರಡನ್ನು ಕಿತ್ತುಕೊಂಡರೆ ಉಳಿಯುವುದೇನು? ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಅನುಮಾನವಿದ್ದರೆ ಗೋಧಿ ನಿಲ್ಲಿಸುವ ಮೊದಲೇ ರಕ್ತಪರೀಕ್ಷೆ ಆಗಬೇಕು. ನಿಲ್ಲಿಸಿದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಸಿಕ್ಕದೆ ಹೋಗಬಹುದು. ಮಲದ ಪರೀಕ್ಷೆಗೆಂದು ಎತ್ತಿಟ್ಟ ಹಣದಲ್ಲಿ ಒಂದು ಸಣ್ಣ ಪಾಲು ಸಾಕು, ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ವಿಟಮಿನ್ ಬಿ12, ಥೈರಾಯ್ಡ್ ನೋಡಿಸಬಹುದು. ಕಿವಿಯ ಸೋಂಕಿನ ಇತಿಹಾಸವಿರುವುದರಿಂದ ಶ್ರವಣ ಪರೀಕ್ಷೆ ಆಗಿಲ್ಲವಾದರೆ ಅದನ್ನು ತಪ್ಪಿಸಲೇಬೇಡಿ.

ಪ್ರೊಬಯೋಟಿಕ್ ಬಗ್ಗೆ ಇಟಲಿಯ ಪೀಸಾದಲ್ಲಿ 85 ಪುಟ್ಟ ಮಕ್ಕಳ ಮೇಲೆ ಆರು ತಿಂಗಳು ನಡೆದ, ಹುಸಿ ಔಷಧದೊಂದಿಗೆ ಹೋಲಿಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಎಲ್ಲ ಮಕ್ಕಳನ್ನೂ ಒಟ್ಟಿಗೆ ತೆಗೆದುಕೊಂಡಾಗ ಆಟಿಸಂ ಲಕ್ಷಣಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೊಟ್ಟೆಯ ತೊಂದರೆ ಇದ್ದ ಮಕ್ಕಳಿಗೆ ಹೊಟ್ಟೆ ಸ್ವಲ್ಪ ಹಗುರವಾಯಿತು. ನಿಮ್ಮ ಮಗ ಮೊಸರು ತಿನ್ನುತ್ತಾನಲ್ಲ, ತಿನ್ನಲಿ. ಆ ಮೊಸರನ್ನಕ್ಕೆ ಕಾಲು ಚಮಚ ನುಣ್ಣಗೆ ಬೇಯಿಸಿದ ಸೋರೆಕಾಯಿ ಬೆರೆಸಿ ನೋಡಿ. ಒಪ್ಪಿದರೆ ಒಂದು ವಾರ ಅಷ್ಟನ್ನೇ ಮುಂದುವರಿಸಿ, ಆಮೇಲೆ ಅರ್ಧ ಚಮಚ. ಒಪ್ಪದಿದ್ದರೆ ಬಲವಂತ ಬೇಡ. ಮೊಸರನ್ನದ ಮೇಲೂ ಸಂಶಯ ಹುಟ್ಟಿದರೆ ಇರುವ ಆಹಾರವೂ ಕೈತಪ್ಪುತ್ತದೆ. ಈ ವಿಷಯದಲ್ಲಿ ಊಟದ ತರಬೇತಿ ಬಲ್ಲ ಚಿಕಿತ್ಸಕರ ನೆರವು ಸಿಕ್ಕಿದರೆ ಒಳ್ಳೆಯದು.

ಮಾತಿನ, ವರ್ತನೆಯ ತರಬೇತಿಗೆ ನಿಮಗೆ ಹತ್ತಿರವಿರುವುದು ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಮತ್ತು ಧಾರವಾಡದ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಬರುವುದು ಸಾಧ್ಯವಾದರೆ, ಮನೆಯಲ್ಲಿ ನೀವೇ ಮಾಡಿಸಬಹುದಾದ ಅಭ್ಯಾಸಗಳನ್ನು ಕನ್ನಡದಲ್ಲೇ ಕಲಿಸಿಕೊಡುತ್ತಾರೆ. ಅಂಗವೈಕಲ್ಯದ ಗುರುತಿನ ಚೀಟಿ ಮಾಡಿಸಿದರೆ ಕೇಂದ್ರ ಸರ್ಕಾರದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ತರಬೇತಿಯ ವೆಚ್ಚಕ್ಕೆ ನೆರವು ಸಿಗುತ್ತದೆ. ಅರ್ಜಿಗೆ ಬೇಕಾದ ಕಾಗದಗಳನ್ನು ಜಿಲ್ಲಾ ಕೇಂದ್ರದಲ್ಲೇ ವಿಚಾರಿಸಿ. ಮಗ ಇದ್ದಕ್ಕಿದ್ದಂತೆ ಕ್ಷಣಕಾಲ ನೆಟ್ಟನೋಟದಲ್ಲಿ ಸ್ತಬ್ಧನಾದರೆ, ಕೈಕಾಲು ಅದುರಿದರೆ, ಅಥವಾ ಇರುವ ಎರಡು ಮೂರು ಪದಗಳೂ ಹೋದರೆ ಕಾಯಬೇಡಿ. ಸಾಧ್ಯವಾದರೆ ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಬೇಕೇ ಬೇಡವೇ ಎಂದು ನಿರ್ಧರಿಸಲು ಅದು ಬಹಳ ನೆರವಾಗುತ್ತದೆ.